ತುಂಡಾದ ಸ್ಟಡ್ಡು, ಒಳಗೇ ಮುರಿದ ಈಜಿ ಔಟ್: ಮೀನಿನ ಪಿಕಪ್ ಒಂದರ ಪ್ರಕರಣ

ಗಾಡಿ ಮೀನು ಸಾಗಿಸುವ ಪಿಕಪ್. 4 ಸಿಲಿಂಡರಿನ ಡೀಸೆಲ್ ಎಂಜಿನ್, ಟರ್ಬೊ (ಹೊಗೆಯ ಒತ್ತಡದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇದೆ. ಸಿಲಿಂಡರುಗಳ ಮೇಲೆ ಕೂರುವ ಹೆಡ್ಡೂ ಬೀಡು ಕಬ್ಬಿಣದ್ದು, ಅದರಿಂದ ಹೊಗೆಯನ್ನು ಒಟ್ಟುಮಾಡಿ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಬೀಡಿನದ್ದೇ. ಮ್ಯಾನಿಫೋಲ್ಡನ್ನು ಹೆಡ್ಡಿಗೆ ಹಿಡಿದಿಡುವುದು ಎಂ8 (8 ಮಿ.ಮೀ. ದಪ್ಪ) ಅಳತೆಯ 8 ಸ್ಟಡ್ಡುಗಳು. ಸ್ಟಡ್ಡು ಅಂದರೆ ತಲೆ ಇಲ್ಲದ, ಎರಡೂ ತುದಿಗೆ ಥ್ರೆಡ್ (ಸುರುಳಿ ಗೀರು) ಇರುವ ಬೋಲ್ಟು; ಒಂದು ತುದಿ ಹೆಡ್ಡಿನೊಳಗೆ, ಇನ್ನೊಂದಕ್ಕೆ ನಟ್ಟು. ಕುಂದಾಪುರದ ಕಡೆ ಬಂದರಿನಿಂದ ಮೀನು ತುಂಬಿಕೊಂಡು ಹೆದ್ದಾರಿಯಲ್ಲಿ ಓಡಾಡುವುದು ಇದರ ದಿನದ ಕೆಲಸ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಮೀನಿನ ಗಾಡಿಗಳಿಗೂ ಓಡಾಟ ಕಡಿಮೆ. ಹಾಗಾಗಿ ರಿಪೇರಿ ಕೆಲಸವನ್ನೆಲ್ಲ ಮಳೆಗಾಲಕ್ಕೆ ಇಟ್ಟುಕೊಳ್ಳುತ್ತಾರೆ. ಈ ಪಿಕಪ್ಪನ್ನೂ ಹಾಗೇ ಒಂದು ಗ್ಯಾರೇಜಿಗೆ ಬಿಟ್ಟಿದ್ದರು. ಅಲ್ಲಿ ಕೆಲಸ ಅರ್ಧಕ್ಕೆ ನಿಂತಿತು. ಜುಲೈ ಕೊನೆಯ ವಾರ ಹಗ್ಗ ಕಟ್ಟಿ ನಮ್ಮಲ್ಲಿಗೆ ಎಳೆದು ತಂದರು.

"ಆಗಸ್ಟ್ ಒಂದಕ್ಕೆ ಬೋಟ್ ಹೊರಡ್ತದೆ ಮಾರಾಯ್ರೆ. ಅಷ್ಟರೊಳಗೆ ಗಾಡಿ ಬೇಕು. ಹೆಡ್ ಇಳಿಸ್ಲೇಬೇಕು ಅಂತಾರೆ, ಹೌದಾ?" ಮಾಲೀಕರು ಕೇಳಿದರು.

"ನೋಡುವ. ಸ್ಟಡ್ ಮುರಿದದ್ದು ಹೇಗೆ ಅಂತ ಮೊದ್ಲು ನೋಡುವ" ಅಂದೆ.

ಈ ಪ್ರಕರಣ ಬರೆಯುತ್ತಿರುವುದೇ ಆ ಒಂದು ಪ್ರಶ್ನೆಗಾಗಿ. ಸ್ಟಡ್ ತುಂಡಾಗಿದೆ ಅಂದ ತಕ್ಷಣ ನಮ್ಮಲ್ಲಿ ಕೈ ನೇರ ಡ್ರಿಲ್ಲಿಗೆ ಹೋಗುತ್ತದೆ. ಆದರೆ ತಾನಾಗಿ ಮುರಿದ ಸ್ಟಡ್ಡೇ ಬೇರೆ, ಸ್ಪ್ಯಾನರಿಗೆ ಮುರಿದ ಸ್ಟಡ್ಡೇ ಬೇರೆ. ಎರಡಕ್ಕೂ ಒಂದೇ ಮದ್ದು ಕೊಟ್ಟರೆ ಕೆಲಸ ಕೆಡುತ್ತದೆ. ಇಲ್ಲಿ ಒಂದೇ ಎಂಜಿನ್ನಿನಲ್ಲಿ ಎರಡು ಜಾತಿಯವೂ ಇದ್ದವು.

ದೂರು ಏನಿತ್ತು

ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು. ಸ್ವಲ್ಪ ದೂರ ಓಡಿಸಿದ ಮೇಲೆ ಸದ್ದು ಕಡಿಮೆಯಾಗುತ್ತಿತ್ತು. ಲೋಡ್ ಹಾಕಿ ಏರು ಹತ್ತುವಾಗ ಎಳೆತ ಸಾಲುತ್ತಿರಲಿಲ್ಲ. ವಾಲ್ವುಗಳನ್ನು ಒತ್ತುವ ಟ್ಯಾಪೆಟ್ಟಿನ ಸದ್ದು ಅಂದುಕೊಂಡು ಮೊದಲು ಟ್ಯಾಪೆಟ್ ಹೊಂದಿಸಿದ್ದರಂತೆ. ಸದ್ದು ಹೋಗಲಿಲ್ಲ.

ತಣ್ಣಗಿದ್ದಾಗ ಜೋರು, ಬಿಸಿಯಾದ ಮೇಲೆ ಕಡಿಮೆ ಅಂದರೆ ಮ್ಯಾನಿಫೋಲ್ಡ್ ಸೋರಿಕೆಯ ಅನುಮಾನ ಬರಬೇಕು. ಕಬ್ಬಿಣ ಬಿಸಿಗೆ ಹಿಗ್ಗಿ ಸಂದು ಮುಚ್ಚುತ್ತದೆ, ಸದ್ದು ಅಡಗುತ್ತದೆ. ಹೀಟ್ ಶೀಲ್ಡ್ ತೆಗೆದು ನೋಡಿದರೆ ಸಾಕ್ಷಿ ಕಣ್ಣೆದುರೇ ಇತ್ತು. ಒಂದನೇ ಮತ್ತು ನಾಲ್ಕನೇ ಸಿಲಿಂಡರಿನ ಪೋರ್ಟಿನ (ಹೊಗೆ ಹೊರಬರುವ ಬಾಯಿ) ಸುತ್ತ ಹೆಡ್ಡಿನ ಮೇಲೆ ಮಸಿಯ ಕಪ್ಪು ಗೆರೆಗಳು. ಹೊಗೆ ಅಲ್ಲಿಂದ ಸೋರುತ್ತಿತ್ತು. ಟರ್ಬೊಗೆ ಹೋಗಬೇಕಾದ ಒತ್ತಡ ಅಲ್ಲೇ ಪೋಲಾದರೆ ಎಳೆತ ಎಲ್ಲಿಂದ ಬರಬೇಕು?

ಎರಡು ತುದಿಗಳಲ್ಲೇ ಸೋರಿದ್ದಕ್ಕೆ ಕಾರಣ ಇದೆ. ಈ ಮ್ಯಾನಿಫೋಲ್ಡಿನ ಉದ್ದ ಸುಮಾರು 450 ಮಿ.ಮೀ. ಲೋಡಿನಲ್ಲಿ ಅದು 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಬೀಡು ಕಬ್ಬಿಣ ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಲೆಕ್ಕ ಹಾಕಿದರೆ ಮ್ಯಾನಿಫೋಲ್ಡ್ 2 ಮಿ.ಮೀ.ಗಿಂತ ಜಾಸ್ತಿ ಉದ್ದವಾಗುತ್ತದೆ. ಹೆಡ್ಡಿನೊಳಗೆ ನೀರು ಓಡುತ್ತಿರುತ್ತದೆ, ಅದು 100 ಡಿಗ್ರಿಯ ಹತ್ತಿರವೇ ಇರುತ್ತದೆ. ಅದು ಹಿಗ್ಗುವುದು ಅರ್ಧ ಮಿ.ಮೀ. ಕೂಡ ಇಲ್ಲ. ಅಂದರೆ ಪ್ರತಿ ತುದಿಯಲ್ಲೂ ಮ್ಯಾನಿಫೋಲ್ಡ್ ಸುಮಾರು 1 ಮಿ.ಮೀ. ಹೊರಕ್ಕೆ ಜಾರುತ್ತದೆ. ತಣ್ಣಗಾದಾಗ ವಾಪಸ್ ಬರುತ್ತದೆ. ನಡುವಿನ ಸ್ಟಡ್ಡುಗಳಿಗೆ ಈ ಜಾರಾಟದ ಪೆಟ್ಟು ಅಷ್ಟು ತಟ್ಟುವುದಿಲ್ಲ. ತುದಿಯವು ದಿನಾ ಅತ್ತಿತ್ತ ಬಾಗಿ ಬಾಗಿ ಸೋಲುತ್ತವೆ. ಉದ್ದ ಎಂಜಿನ್ನುಗಳಲ್ಲಿ ಮೊದಲು ತುಂಡಾಗುವುದು ಹೆಚ್ಚಾಗಿ ತುದಿಯ ಸ್ಟಡ್ಡೇ.

ಇದರ ಮೇಲೆ ಉಪ್ಪು ಬೇರೆ. ಬಂದರಿನ ಜೆಟ್ಟಿಯಲ್ಲಿ ನಿಂತ ನೀರೆಲ್ಲ ಮಂಜುಗಡ್ಡೆ ಕರಗಿದ ಉಪ್ಪುನೀರು. ಹೆದ್ದಾರಿಯಲ್ಲಿ ಮುಂದೆ ಹೋಗುವ ಮೀನಿನ ಲಾರಿ ಅದನ್ನೇ ಸುರಿಸುತ್ತಾ ಹೋಗುತ್ತದೆ, ಹಿಂದಿನ ಗಾಡಿಯ ಎಂಜಿನ್ನಿಗೆ ಅದೇ ಎರಚುತ್ತದೆ. ಕಡಲ ಗಾಳಿ ಹೇಗೂ ಇದ್ದೇ ಇದೆ. ಉಪ್ಪಿನ ಕ್ಲೋರೈಡ್ ತುಕ್ಕನ್ನು ಒಂದು ಕಡೆ ನಿಲ್ಲಲು ಬಿಡುವುದಿಲ್ಲ, ಒಳಗೊಳಗೇ ತೋಡುತ್ತಾ ಹೋಗುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತದೆ. ಥ್ರೆಡ್ಡಿನ ಸಂದಿನಲ್ಲಿ ಆ ಜಾಗ ಎಲ್ಲಿದೆ? ಹಾಗಾಗಿ ನಟ್ಟು, ಸ್ಟಡ್ಡು ಎರಡೂ ಕಚ್ಚಿ ಕೂರುತ್ತವೆ. ಎರಡು ತಿಂಗಳು ಮಳೆಯಲ್ಲಿ ನಿಂತ ಗಾಡಿಗಂತೂ ಕೇಳುವುದೇ ಬೇಡ.

ಮುರಿದ ಮುಖ ಓದುವುದು

ರೇಡಿಯೇಟರ್ ಕಡೆಯಿಂದ ಸ್ಟಡ್ಡುಗಳಿಗೆ 1ರಿಂದ 8ರವರೆಗೆ ನಂಬರ್ ಕೊಟ್ಟೆವು. ರಟ್ಟಿನ ಮೇಲೆ ಚಿತ್ರ ಬರೆದು ಪ್ರತಿಯೊಂದರ ಸ್ಥಿತಿ ಗುರುತು ಹಾಕಿದೆವು. 2, 4, 5, 7ರ ನಟ್ಟುಗಳನ್ನು ಹಿಂದಿನ ಗ್ಯಾರೇಜಿನವರು ಆಗಲೇ ಬಿಚ್ಚಿದ್ದರು. 5ನೆಯದು ಬಿಚ್ಚುವಾಗ ನಟ್ಟಿನ ಜೊತೆ ಸ್ಟಡ್ಡೇ ಹೊರಬಂದಿತ್ತು. ಅದು ಒಳ್ಳೆಯದೇ ಆಯಿತು. 3 ಮತ್ತು 6ರ ನಟ್ಟು ಅಲುಗಾಡಿರಲಿಲ್ಲ, 6ರ ಮೂಲೆಗಳು ಸವೆದು ದುಂಡಗಾಗಿದ್ದವು. 1 ಮತ್ತು 8 ಹೆಡ್ಡಿನ ಮಟ್ಟಕ್ಕೇ ತುಂಡಾಗಿದ್ದವು. 1ರೊಳಗೆ ತೂತು ಕೊರೆದು ಈಜಿ ಔಟ್ (ಮುರಿದ ಬೋಲ್ಟಿನ ತೂತಿಗೆ ಕಚ್ಚಿಸಿ ಉಲ್ಟಾ ತಿರುಗಿಸಿ ಹೊರತೆಗೆಯುವ ಸಾಮಾನು) ಹಾಕಿದ್ದರು. ಅದೂ ಒಳಗೇ ಮುರಿದು ಕೂತಿತ್ತು.

ಮ್ಯಾನಿಫೋಲ್ಡ್ ಇನ್ನೂ ಹೆಡ್ಡಿನ ಮೇಲೇ ಇತ್ತು. ಅದರ ತೂತಿನೊಳಗೆ ಸಣ್ಣ ಟಾರ್ಚ್ ಮತ್ತು ಕನ್ನಡಿ ಹಿಡಿದು ಎರಡರ ಮುಖವನ್ನೂ ನೋಡಿದೆ. ಯಾರೇ ಆಗಲಿ, ಡ್ರಿಲ್ ಮುಟ್ಟುವ ಮೊದಲು ಇದನ್ನು ಮಾಡಬೇಕು ಅಂತ ನನ್ನ ಒತ್ತಾಯ.

8ರ ಮುಖ ಪೂರ್ತಿ ಕಪ್ಪು. ಮಸಿ ಹಿಡಿದು ಹಳತಾಗಿತ್ತು. ಬ್ರಷ್ಷಿನಿಂದ ಒರೆಸಿದಾಗ ಮುಕ್ಕಾಲು ಭಾಗ ನಯವಾಗಿತ್ತು, ಒಂದು ಅಂಚಿನಲ್ಲಿ ಮಾತ್ರ ಒರಟು. ಅಂದರೆ ಬಿರುಕು ಒಂದು ಕಡೆಯಿಂದ ಶುರುವಾಗಿ ತಿಂಗಳುಗಟ್ಟಲೆ ನಿಧಾನವಾಗಿ ಬೆಳೆದಿದೆ. ಕೊನೆಗೆ ಉಳಿದ ಚೂರು ಪಟ್ಟನೆ ಹರಿದಿದೆ. ಯಾರ ಸ್ಪ್ಯಾನರೂ ಇದನ್ನು ಮುರಿದಿಲ್ಲ. ಬಾಗಿ ಬಾಗಿ ಅದೇ ಮುರಿದಿದೆ.

1ರ ಮುಖದಲ್ಲಿ ತೂತಿನ ಸುತ್ತ ಒಂದು ತೆಳು ಅಂಚು ಮಾತ್ರ ಉಳಿದಿತ್ತು. ಆದರೂ ಸಾಕಿತ್ತು. ಬೂದು ಬಣ್ಣದ ಹೊಸ ಲೋಹ, ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು, ಸುತ್ತ ತಿರುಚಿದ ಗೆರೆ. ಇದು ಬಿಚ್ಚುವಾಗ ಸ್ಪ್ಯಾನರಿಗೆ ತಿರುಚಿ ಹರಿದದ್ದು.

ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ತಾನಾಗಿ ಮುರಿದ ಸ್ಟಡ್ಡಿನ ಬುಡ ಹೆಡ್ಡಿನೊಳಗೆ ಕಚ್ಚಿರಲೇಬೇಕು ಅಂತೇನಿಲ್ಲ. ಅದನ್ನು ಯಾರೂ ತಿರುಗಿಸಿಯೇ ನೋಡಿಲ್ಲ. ಮುರಿದ ಮೇಲೆ ಬಿಗಿತವೂ ಹೋಗಿದೆ, ಹಾಗಾಗಿ ಸುಲಭಕ್ಕೆ ಬರಬಹುದು. ಆದರೆ ತಿರುಗಿಸುವಾಗ ಮುರಿದದ್ದು ಈಗಾಗಲೇ ಒಂದು ಪರೀಕ್ಷೆ ಮುಗಿಸಿದೆ. ಪೂರ್ತಿ ದಪ್ಪದ ಸ್ಟಡ್ಡು ತನ್ನ ಶಕ್ತಿಯನ್ನೆಲ್ಲ ಹಾಕಿದರೂ ತುಕ್ಕನ್ನು ಬಿಡಿಸಲಾಗದೆ ಹರಿದಿದೆ. ಅಂಥದ್ದರ ಹೊಟ್ಟೆಗೆ 4 ಮಿ.ಮೀ. ತೂತು ಕೊರೆದು ತೆಳ್ಳನೆಯ ಈಜಿ ಔಟ್ ಹಾಕಿ ತಿರುಗಿಸಿದರೆ ಅದು ಬರುತ್ತದಾ? ವ್ಯಾಸ ಅರ್ಧಕ್ಕೆ ಇಳಿದರೆ ತಿರುಚು ತಡೆಯುವ ಶಕ್ತಿ ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಈಜಿ ಔಟ್ ಗಟ್ಟಿ ಉಕ್ಕಿನದ್ದು ನಿಜ, ಆದರೆ ಗಟ್ಟಿ ಉಕ್ಕು ಬಾಗುವುದಿಲ್ಲ, ಒಡೆಯುತ್ತದೆ. ಇನ್ನೊಂದು ತೊಂದರೆಯೂ ಉಂಟು. ಅದು ತುದಿಗೆ ಚೂಪಾಗುತ್ತಾ ಹೋಗುವ ಆಕಾರದ್ದು. ಒಳಗೆ ಹೋದಷ್ಟೂ ಸ್ಟಡ್ಡಿನ ಉಳಿದ ಗೋಡೆಯನ್ನು ಹೊರಕ್ಕೆ ಅಗಲಿಸುತ್ತದೆ. ಕಚ್ಚಿದ ಥ್ರೆಡ್ಡನ್ನು ಇನ್ನಷ್ಟು ಕಚ್ಚಿಸುತ್ತದೆ.

ಈಜಿ ಔಟ್ ಕೆಟ್ಟ ಸಾಮಾನು ಅಂತ ನಾನು ಹೇಳುತ್ತಿಲ್ಲ. ತಲೆ ಹಾರಿದ, ಒಳಗೆ ಸಡಿಲ ಇರುವ ಬೋಲ್ಟಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ತುಕ್ಕಿಗೆ ಸೋತು ತಿರುಚಿ ಮುರಿದ ಸ್ಟಡ್ಡಿಗೆ ಅದನ್ನು ಹಾಕಬಾರದು. ಬರೀ ಕಷ್ಟದ ಕೆಲಸ ಒಂದನ್ನು ಅದು ಬಹಳ ಕಷ್ಟದ ಕೆಲಸ ಮಾಡಿಬಿಡುತ್ತದೆ.

ಕಚ್ಚಿದ ನಟ್ಟುಗಳು

ಮೊದಲು ಎಲ್ಲದಕ್ಕೂ ವೈರ್ ಬ್ರಷ್ ಹಾಕಿದೆವು. ಹೊರಗೆ ಕಾಣುವ ಥ್ರೆಡ್ಡಿನಲ್ಲಿ ತುಕ್ಕು, ಮಣ್ಣು ತುಂಬಿಕೊಂಡಿದ್ದರೆ ನಟ್ಟು ಸಡಿಲವಾದ ಮೇಲೂ ಅಲ್ಲಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಆಮೇಲೆ ಎಣ್ಣೆ. ನಮ್ಮಲ್ಲಿ ಗಿಯರ್ ಬಾಕ್ಸಿಗೆ ಹಾಕುವ ಎಟಿಎಫ್ ಎಣ್ಣೆ ಮತ್ತು ಅಸಿಟೋನ್ ಸಮಸಮ ಬೆರೆಸಿ ಇಟ್ಟಿರುತ್ತೇವೆ. ನಿಂತರೆ ಎರಡೂ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಿ ಹಾಕಬೇಕು. ಅಸಿಟೋನ್ ತೆಳು, ಸಂದಿಗೆ ಇಳಿಯುತ್ತದೆ, ಆಮೇಲೆ ಆರಿಹೋಗಿ ಎಣ್ಣೆಯನ್ನು ಒಳಗೆ ಬಿಡುತ್ತದೆ. ಡಬ್ಬಿಯ ಸ್ಪ್ರೇ ಹಾಕುವವರು ಒಂದು ನೆನಪಿಡಿ. ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ ಅಮೆರಿಕದಲ್ಲಿ, ನೀರನ್ನು ದೂರ ತಳ್ಳಿ ತುಕ್ಕು ಬಾರದಂತೆ ಕಾಯಲಿಕ್ಕೆ. ಸಾಮಾನ್ಯ ಡಬ್ಬಿ ಅದೇ ಕೆಲಸದ್ದು. ವರ್ಷಗಟ್ಟಲೆ ಕಚ್ಚಿದ ತುಕ್ಕಿಗೆ ಇಳಿಯಲಿಕ್ಕೆಂದೇ ಮಾಡಿದ ಎಣ್ಣೆಗಳು ಬೇರೆ ಸಿಗುತ್ತವೆ.

ಎಣ್ಣೆ ಹಾಕಿ ನಟ್ಟಿನ ಮೇಲೆ ಸಣ್ಣ ಸುತ್ತಿಗೆಯಿಂದ ಟಕ ಟಕ ಬಡಿದೆವು. ಜೋರಾಗಿ ಅಲ್ಲ. ಆ ನಡುಕಕ್ಕೆ ತುಕ್ಕಿನಲ್ಲಿ ಕೂದಲೆಳೆ ಬಿರುಕು ಬಿಡುತ್ತದೆ, ಎಣ್ಣೆಗೆ ದಾರಿ ಸಿಗುತ್ತದೆ. ರಾತ್ರಿ ಹಾಗೇ ಬಿಟ್ಟೆವು. ಮಾಲೀಕರಿಗೆ ಇದು ಸರಿ ಕಾಣಲಿಲ್ಲ. ಸುಮ್ನೆ ಒಂದು ದಿನ ಹೋಯ್ತು ಅನ್ನಿಸಿರಬೇಕು. ಆದರೆ ಆ ರಾತ್ರಿ ಮಾಡುವ ಕೆಲಸವನ್ನು ಬೆಳಿಗ್ಗೆ ಉದ್ದದ ಪೈಪ್ ಸಿಕ್ಕಿಸಿ ಮಾಡಲು ಹೋದರೆ ಇನ್ನೆರಡು ಸ್ಟಡ್ಡು ಕೈಗೆ ಬರುತ್ತಿದ್ದವು.

ಬೆಳಿಗ್ಗೆ 3ಕ್ಕೆ ಆರು ಮೂಲೆಯ ಸಾಕೆಟ್ ಹಾಕಿದೆ. ಇಂಥ ಕಡೆ ಹನ್ನೆರಡು ಮೂಲೆಯದ್ದು ಬೇಡವೇ ಬೇಡ, ಅದು ನಟ್ಟಿನ ಮೂಲೆಯನ್ನೇ ತಿನ್ನುತ್ತದೆ. ಮೊದಲು ಬಿಗಿ ಮಾಡುವ ದಿಕ್ಕಿಗೆ ಕೂದಲಷ್ಟು ಒತ್ತಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಕೈಗೆ ಸಿಗುವ ಸುದ್ದಿ ಇಲ್ಲಿ ಬಹಳ ಮುಖ್ಯ. ನಟ್ಟು ಬಿಡುವಾಗ "ಟಕ್" ಅಂತ ಒಂದು ಬಿರುಕಿನ ಸದ್ದು ಬರುತ್ತದೆ, ಹ್ಯಾಂಡಲ್ ಒಮ್ಮೆಗೆ ಹಗುರಾಗುತ್ತದೆ. ಹಾಗಲ್ಲದೆ ಹ್ಯಾಂಡಲ್ ಮೆತ್ತಗೆ ಬರುತ್ತಾ, ಬಿಟ್ಟರೆ ವಾಪಸ್ ಹೋಗುತ್ತಾ ಇದ್ದರೆ ತಿರುಗುತ್ತಿರುವುದು ನಟ್ಟಲ್ಲ, ಸ್ಟಡ್ಡು ತಿರುಚುತ್ತಿದೆ. ಅಲ್ಲಿಗೆ ಕೈ ನಿಲ್ಲಿಸಬೇಕು. 3ರಲ್ಲಿ ಆದದ್ದು ಹೀಗೇ, ಸ್ಟಡ್ಡು ತಿರುಚುತ್ತಿತ್ತು. ನಿಲ್ಲಿಸಿದೆ.

ಹಾಗಾಗಿ ಬಿಸಿ ಕೊಟ್ಟೆವು. ಅದಕ್ಕೂ ಮೊದಲು ಎಣ್ಣೆ, ಅಸಿಟೋನ್ ಎಲ್ಲ ಒರೆಸಿ ಆರಲು ಬಿಟ್ಟು, ಹತ್ತಿರದ ಡೀಸೆಲ್ ಪೈಪುಗಳಿಗೆ ಒದ್ದೆ ಬಟ್ಟೆ ಸುತ್ತಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕಕ್ಕೆ ಇಟ್ಟುಕೊಂಡೆವು. ಅಸಿಟೋನಿನ ಆವಿಗೆ ಒಂದು ಕಿಡಿ ಸಾಕು. ಗ್ಯಾಸ್ ವೆಲ್ಡಿಂಗಿನ ಸಣ್ಣ ನಾಝಲ್ ಹಿಡಿದು ನಟ್ಟಿನ ಮೈಗೆ ಮಾತ್ರ ಜ್ವಾಲೆ ಕೊಟ್ಟೆವು, ಸ್ಟಡ್ಡಿನ ತುದಿಗೆ ಅಲ್ಲ. ನಟ್ಟು ಸ್ಟಡ್ಡಿಗಿಂತ 400 ಡಿಗ್ರಿ ಹೆಚ್ಚು ಬಿಸಿಯಾದರೆ 8 ಮಿ.ಮೀ. ತೂತು ಸುಮಾರು 0.04 ಮಿ.ಮೀ. ಅಗಲವಾಗುತ್ತದೆ. ಕೇಳಲಿಕ್ಕೆ ಏನೂ ಅಲ್ಲ ಅನ್ನಿಸುತ್ತದೆ, ತುಕ್ಕಿನ ಹಿಡಿತ ಒಡೆಯಲು ಅಷ್ಟು ಸಾಕು. ನಿಧಾನ ಮಾಡಿದರೆ ಸ್ಟಡ್ಡೂ ಬಿಸಿಯಾಗಿ ಲಾಭ ಹೋಗುತ್ತದೆ. ನಟ್ಟು ಕೆಂಪಾದ ಕೂಡಲೇ ಸಾಕೆಟ್ ಹಾಕಿ ಅತ್ತಿತ್ತ ಅಲುಗಿಸಿದಾಗ "ಟಕ್" ಅಂತು. ಸ್ವಲ್ಪ ಆರಿದ ಮೇಲೆ ಥ್ರೆಡ್ಡಿಗೆ ಮೇಣದಬತ್ತಿ ಮುಟ್ಟಿಸಿದೆ. ಬಿಸಿಗೆ ಮೇಣ ಕರಗಿ ಒಳಕ್ಕೆ ಎಳೆದುಕೊಂಡಿತು. ಕಾಲು ಸುತ್ತು ಹೊರಗೆ, ಅರ್ಧ ಕಾಲು ಒಳಗೆ, ಹೀಗೆ ಆಡಿಸುತ್ತಾ ನಟ್ಟು ಹೊರಬಂತು.

6ಕ್ಕೆ ಅಷ್ಟು ಮಾಡಲಿಲ್ಲ. ಮೂಲೆಯೇ ಇಲ್ಲದ ನಟ್ಟಿನ ಜೊತೆ ಗುದ್ದಾಡಿ ಏನು ಪ್ರಯೋಜನ? ಸಣ್ಣ ಗ್ರೈಂಡರಿನ ತೆಳು ಚಕ್ರದಲ್ಲಿ ಒಂದು ಬದಿಯನ್ನು ಥ್ರೆಡ್ಡಿನ ಹತ್ತಿರದವರೆಗೆ ಕತ್ತರಿಸಿ, ಗೀರಿಗೆ ಚಾಣ ಇಟ್ಟು ಒಂದು ಏಟು. ನಟ್ಟು ಸೀಳಿ ಬಿಚ್ಚಿಕೊಂಡಿತು. ನಟ್ಟಿನ ಬೆಲೆ ಕೆಲವು ರೂಪಾಯಿ. ಅದನ್ನು ಉಳಿಸಲು ಹೋಗಿ ಸ್ಟಡ್ ಮುರಿದುಕೊಳ್ಳುವವರನ್ನು ಎಷ್ಟೋ ಸಲ ನೋಡಿದ್ದೇನೆ.

ಎಂಟನೆಯದು: ತಾನಾಗಿ ಮುರಿದದ್ದು

ಮ್ಯಾನಿಫೋಲ್ಡ್ ಕೆಳಗಿಳಿದ ಮೇಲೆ 8ಕ್ಕೆ ಬಂದೆವು. ಇದು ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ಕಡೆಗೆ, ಕೈ ಹೋಗದ ಮೂಲೆಯಲ್ಲಿದೆ. ವೆಲ್ಡಿಂಗ್ ಟಾರ್ಚ್ ಸರಿಯಾಗಿ ಹಿಡಿಯಲು ಜಾಗ ಇರಲಿಲ್ಲ. ಮುಖ ಹೇಳಿದ ಕತೆಯನ್ನು ನಂಬಿ ಸುಲಭದ ದಾರಿ ಮೊದಲು ನೋಡಿದೆವು. ನಡುವಿಗೆ ಸರಿಯಾಗಿ ಸೆಂಟರ್ ಪಂಚ್ ಹಾಕಿ, ಮೂಲೆ ಡ್ರಿಲ್ಲಿಗೆ ಎಡಗೈ ಬಿಟ್ ಸಿಕ್ಕಿಸಿ ನಿಧಾನವಾಗಿ ಉಲ್ಟಾ ತಿರುಗಿಸಿದೆವು. ಎಡಗೈ ಬಿಟ್ಟಿನ ಗುಣ ಏನೆಂದರೆ, ಅದು ಕೊರೆಯುವ ದಿಕ್ಕೂ ಸ್ಟಡ್ಡು ಬಿಚ್ಚುವ ದಿಕ್ಕೂ ಒಂದೇ. ಸಡಿಲ ಇದ್ದರೆ ಕೊರೆಯುವಾಗಲೇ ಕಚ್ಚಿ ಹೊರಗೆ ತರುತ್ತದೆ. ಇಲ್ಲೂ ಹಾಗೇ ಆಯಿತು. ಬಿಟ್ ಸ್ವಲ್ಪ ಒಳಗೆ ಹೋದದ್ದೇ ತಡ, ಬುಡ ತಿರುಗತೊಡಗಿತು. ಹೊರಬಂದ ಚೂರಿನ ಥ್ರೆಡ್ಡಿನಲ್ಲಿ ತುಕ್ಕು ಅಷ್ಟೇನೂ ಇರಲಿಲ್ಲ.

ಒಂದನೆಯದು

ಕೆಲಸದ ಬಹುಪಾಲು ಹೊತ್ತು ಹೋದದ್ದು ಇದಕ್ಕೆ. ಮೊದಲು ಅಳತೆ. ಹಿಂದೆ ಕೊರೆದ ತೂತು 4 ಮಿ.ಮೀ. ಅಗಲ, ಸುಮಾರು 10 ಮಿ.ಮೀ. ಆಳ. ನಡುವಿನಿಂದ ಹೆಚ್ಚುಕಡಿಮೆ 2 ಮಿ.ಮೀ. ಪಕ್ಕಕ್ಕೆ ಸರಿದಿತ್ತು. ಎಂ8 ಥ್ರೆಡ್ಡಿನ ಒಳ ವ್ಯಾಸ ಸುಮಾರು 6.6 ಮಿ.ಮೀ., ಅಂದರೆ ನಡುವಿನಿಂದ 3.3. ತೂತಿನ ಹೊರ ಅಂಚು ನಡುವಿನಿಂದ 4 ಮಿ.ಮೀ. ದೂರಕ್ಕೆ ಹೋಗಿದೆ. ಲೆಕ್ಕ ಸ್ಪಷ್ಟ: ಒಂದು ಬದಿಯಲ್ಲಿ ಹೆಡ್ಡಿನ ಥ್ರೆಡ್ಡೇ ಕೊರೆದು ಹೋಗಿದೆ. ಸ್ಟಡ್ಡು ಹೊರಬಂದರೂ ಆ ತೂತಿಗೆ ಬೇರೆ ಚಿಕಿತ್ಸೆ ಬೇಕು ಅಂತ ಆಗಲೇ ಗೊತ್ತಾಯಿತು. ಮಾಲೀಕರಿಗೂ ಆಗಲೇ ಹೇಳಿದೆ. ಇಂಥ ಮಾತು ಕೊನೆಯಲ್ಲಿ ಹೇಳಿದರೆ ನೆಪ ಹೇಳಿದ ಹಾಗೆ ಕೇಳುತ್ತದೆ.

ಹೆಡ್ ಇಳಿಸಬೇಕಾ? ಇಳಿಸಿದರೆ ಮಿಲ್ಲಿಂಗ್ ಮೆಷಿನ್ನಿನಲ್ಲಿ ಕಟ್ಟಿ ಆರಾಮಾಗಿ ಕೆಲಸ ಮಾಡಬಹುದು. ಸ್ಪಾರ್ಕ್ ಎರೋಷನ್ ಮೆಷಿನ್ ಇರುವ ಕಡೆ ಒಯ್ದರೆ ಈಜಿ ಔಟನ್ನು ವಿದ್ಯುತ್ ಕಿಡಿಯಿಂದಲೇ ತಿನ್ನಿಸಿ ತೆಗೆಯುತ್ತಾರೆ, ಥ್ರೆಡ್ಡಿಗೆ ಏನೂ ಆಗುವುದಿಲ್ಲ. ಆದರೆ ಹೆಡ್ ಇಳಿಸಿದರೆ ಹೆಡ್ ಗ್ಯಾಸ್ಕೆಟ್, ಕೂಲಂಟ್, ಟೈಮಿಂಗ್, ಹೆಡ್ ಬೋಲ್ಟ್ ಎಲ್ಲ ಸೇರಿ ಖರ್ಚು ಎಲ್ಲಿಗೋ ಹೋಗುತ್ತದೆ. 1ನೇ ಸ್ಟಡ್ಡು ಮುಂದಿನ ತುದಿಯಲ್ಲಿದೆ. ರೇಡಿಯೇಟರ್, ಫ್ಯಾನ್ ತೆಗೆದರೆ ಎದುರಿನಿಂದ ನೇರ ಕಾಣುತ್ತದೆ. ಇದೇ ಸ್ಥಿತಿ 8ರದ್ದಾಗಿದ್ದರೆ ನಾನು ಹೆಡ್ ಇಳಿಸಿ ಅಂತಲೇ ಹೇಳುತ್ತಿದ್ದೆ. ಇಲ್ಲಿ ಗಾಡಿಯ ಮೇಲೇ ಮಾಡೋಣ ಅಂತ ತೀರ್ಮಾನ ಆಯಿತು.

ಮುರಿದ ಈಜಿ ಔಟಿಗೆ ಸಾಮಾನ್ಯ ಡ್ರಿಲ್ ಬಿಟ್ ತಾಗುವುದಿಲ್ಲ. ಎರಡೂ ಒಂದೇ ಮಟ್ಟದ ಗಟ್ಟಿ ಉಕ್ಕು, ಬಿಟ್ ಜಾರಿ ಪಕ್ಕದ ಮೆತ್ತನೆ ಬೀಡನ್ನು ತಿನ್ನುತ್ತದೆ. ಆ ತೂತು ಓರೆಯಾಗಿ ಅಗಲವಾಗುವುದು ಹೀಗೇ. ಆದರೆ ಅದರ ಗಟ್ಟಿತನವೇ ನಮಗೆ ಉಪಕಾರ. ಗಟ್ಟಿ ಇರುವುದು ಏಟಿಗೆ ಚೂರಾಗುತ್ತದೆ. ಕಣ್ಣಿಗೆ ಗಾಗಲ್ಸ್ ಹಾಕಿ, ಸಣ್ಣ ಗಟ್ಟಿ ಪಂಚಿನಿಂದ ಈಜಿ ಔಟಿನ ಅಂಚಿಗೆ ಚುಟುಕು ಏಟು ಕೊಟ್ಟಾಗ ಮೇಲಿನ ಭಾಗ ಚೂರು ಚೂರಾಯಿತು. ಚೂರುಗಳನ್ನು ಅಯಸ್ಕಾಂತದ ಕಡ್ಡಿಯಿಂದ ತೆಗೆದೆವು. ತಳದಲ್ಲಿ ಬಿಗಿಯಾಗಿ ಕೂತ ತುಂಡು ಏಟಿಗೆ ಬಗ್ಗಲಿಲ್ಲ. ಅದಕ್ಕೆ ಡೈ ಗ್ರೈಂಡರಿಗೆ ಸಣ್ಣ ಕಾರ್ಬೈಡ್ ಬರ್ (ಗಟ್ಟಿ ಉಕ್ಕನ್ನೂ ತಿನ್ನುವ ಹಲ್ಲಿನ ತುದಿ) ಹಾಕಿ, ಸ್ವಲ್ಪ ಸ್ವಲ್ಪವೇ ತಿನ್ನಿಸಿದೆವು. ಒತ್ತಿದರೆ ಬರ್ ಕೂಡ ಮುರಿಯುತ್ತದೆ. ಪಕ್ಕದಲ್ಲಿ ಇನ್ನೊಬ್ಬರು ಗಾಳಿ ಹೊಡೆಯುತ್ತಾ ಇರಬೇಕು, ಇಲ್ಲದಿದ್ದರೆ ಪುಡಿ ತುಂಬಿ ಎಲ್ಲಿ ಕೊರೆಯುತ್ತಿದ್ದೇವೆ ಅಂತ ಕಾಣುವುದಿಲ್ಲ. ಪೋರ್ಟುಗಳಿಗೆ ಬಟ್ಟೆ ತುರುಕಿದ್ದೆವು. ಒಂದು ಚೂರು ಒಳಗೆ ಹೋದರೆ ವಾಲ್ವಿಗೋ ಟರ್ಬೊಗೋ ಕೇಡು.

ಈಜಿ ಔಟ್ ಪೂರ್ತಿ ಹೋದ ಮೇಲೆ ಉಳಿದದ್ದು ಒಂದು ಬದಿ ತೆಳ್ಳಗಿನ, ಒಂದು ಬದಿ ದಪ್ಪನೆಯ ಸ್ಟಡ್ಡಿನ ಬುಡ. ಈಗ ಸಿಓಟೂ ವೆಲ್ಡಿಂಗ್ (ವೈರ್ ತಾನಾಗಿ ಬರುವ ಗ್ಯಾಸ್ ಮರೆಯ ವಿದ್ಯುತ್ ಬೆಸುಗೆ). ಬ್ಯಾಟರಿಯ ಎರಡೂ ವೈರ್ ತೆಗೆದು, ಆಲ್ಟರ್ನೇಟರ್ ಮತ್ತು ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಕನೆಕ್ಟರ್ ಬಿಚ್ಚಿದೆವು. ಅರ್ತ್ ಕ್ಲಾಂಪನ್ನು ಹೆಡ್ಡಿಗೇ, ಕೆಲಸದ ಹತ್ತಿರವೇ ಹಾಕಿದೆವು. ದೂರ ಹಾಕಿದರೆ ಕರೆಂಟ್ ಬೇರಿಂಗುಗಳ ಮೂಲಕ ದಾರಿ ಹುಡುಕುತ್ತದೆ. ಇನ್ನೊಂದು ಮಾತು, ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ವೆಲ್ಡಿಂಗ್ ಮಾಡುವ ಜಾಗವನ್ನು ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ತೊಳೆಯಲೇಬಾರದು. ಅದರ ಪಸೆ ವೆಲ್ಡಿಂಗಿನ ಬಿಸಿಗೆ ಫಾಸ್ಜೀನ್ ಎಂಬ ವಿಷಗಾಳಿಯಾಗುತ್ತದೆ. ಅದು ಶ್ವಾಸಕೋಶವನ್ನೇ ಕೆಡಿಸಿ ಜೀವ ತೆಗೆಯಬಲ್ಲದು.

0.8 ಮಿ.ಮೀ. ವೈರಿನಲ್ಲಿ ಬುಡದ ತೂತಿನ ತಳದಿಂದ ಶುರು ಮಾಡಿ ಚುಕ್ಕೆ ಚುಕ್ಕೆಯಾಗಿ ಲೋಹ ತುಂಬುತ್ತಾ ಬಂದೆವು. ಥ್ರೆಡ್ ಕೊರೆದುಹೋದ ಬದಿಗೆ ತಾಗದಂತೆ ದಪ್ಪನೆಯ ಬದಿಗೇ ಆತು ತುಂಬಿದೆವು. ಹೆಡ್ಡಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಬಂದಾಗ ಅದರ ಮೇಲೆ ಒಂದು ವಾಷರ್ ಇಟ್ಟು ತೂತಿನೊಳಗಿಂದ ಬೆಸೆದೆವು. ವಾಷರ್ ಹೆಡ್ಡನ್ನು ಕಿಡಿಯಿಂದ ಕಾಯುತ್ತದೆ, ನಟ್ಟಿಗೆ ಅಗಲದ ಪೀಠವೂ ಆಗುತ್ತದೆ. ಅದರ ಮೇಲೆ ಎಂ10 ನಟ್ಟು. ಹೊಳೆಯುವ ಸತುವಿನ ನಟ್ಟು ಬೇಡ, ಕಪ್ಪು ನಟ್ಟೇ ಬೇಕು. ಸತುವು ಸುಟ್ಟು ಹೊಗೆ ಬರುತ್ತದೆ, ಬೆಸುಗೆಯಲ್ಲಿ ಗುಳ್ಳೆ ಬೀಳುತ್ತದೆ.

ಇಲ್ಲಿ ಒಂದು ಪ್ರಶ್ನೆ ಬರಬಹುದು. ಸ್ಟಡ್ಡೂ ಕಬ್ಬಿಣ, ಹೆಡ್ಡೂ ಕಬ್ಬಿಣ. ಬಿಸಿ ಮಾಡಿದರೆ ಎರಡೂ ಹಿಗ್ಗುತ್ತವೆ, ಲಾಭ ಏನು? ಅಲ್ಯೂಮಿನಿಯಂ ಹೆಡ್ಡಾದರೆ ಸರಿ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಇಡೀ ಜಾಗ ಬಿಸಿ ಮಾಡಿದರೂ ತೂತು ಸಡಿಲವಾಗುತ್ತದೆ. ಬೀಡಿಗೆ ಆ ಲಾಭ ಇಲ್ಲ. ಇಲ್ಲಿ ಕೆಲಸ ಮಾಡುವುದು ಬೇರೆ ಸಂಗತಿ. ವೆಲ್ಡಿಂಗಿನಲ್ಲಿ ಸ್ಟಡ್ಡು ಮಾತ್ರ ಕೆಂಪಾಗುತ್ತದೆ, ಸುತ್ತಲ ಹೆಡ್ಡು ತಣ್ಣಗೇ ಇರುತ್ತದೆ. ಸ್ಟಡ್ಡು ಹಿಗ್ಗಲು ನೋಡುತ್ತದೆ, ಹೆಡ್ಡು ಜಾಗ ಕೊಡುವುದಿಲ್ಲ. ಕೆಂಪಾಗಿ ಮೆತ್ತಗಾದ ಸ್ಟಡ್ಡು ಅಲ್ಲೇ ಹಿಸುಕಿಕೊಳ್ಳುತ್ತದೆ. ಆರಿದಾಗ ಮೊದಲಿಗಿಂತ ಕೂದಲೆಳೆಯಷ್ಟು ಸಣ್ಣದಾಗಿ ಕೂರುತ್ತದೆ. ಹಿಗ್ಗಿ ಕುಗ್ಗುವ ಈ ಎಳೆದಾಟದಲ್ಲಿ ತುಕ್ಕಿನ ಪದರವೂ ಒಡೆಯುತ್ತದೆ. ಹಾಗಾಗಿ ಬೆಸೆದ ತಕ್ಷಣ ತಿರುಗಿಸಲು ಹೋಗಬಾರದು. ಕೆಂಪು ಪೂರ್ತಿ ಹೋಗಬೇಕು. ಬೀಡು ಕಬ್ಬಿಣದ ಮೇಲೆ ನೀರು ಸುರಿದು ಆರಿಸುವುದೂ ಬೇಡ, ಬಿರುಕು ಬಿಡುತ್ತದೆ.

ಮೊದಲ ನಟ್ಟು ಕಿತ್ತು ಕೈಗೆ ಬಂತು. ಇದಕ್ಕೆ ಎದೆಗುಂದಬೇಕಿಲ್ಲ, ಪ್ರತಿ ಸಲ ಬೆಸೆದಾಗಲೂ ಸ್ಟಡ್ಡಿಗೆ ಇನ್ನೊಂದು ಬಿಸಿ ಕೊಟ್ಟ ಹಾಗೆ. ಸವರಿ ಮತ್ತೆ ಬೆಸೆದು, ಆರಿದ ಮೇಲೆ ಮೇಣ ಮುಟ್ಟಿಸಿ, ಹದಿನೇಳರ ಸ್ಪ್ಯಾನರ್ ಹಾಕಿ ಬಿಗಿ ದಿಕ್ಕಿಗೆ ಒಂದು ಚೂರು, ಬಿಚ್ಚುವ ದಿಕ್ಕಿಗೆ ಒಂದು ಚೂರು ಆಡಿಸುತ್ತಾ ಹೋದೆವು. ಒಂದು ಹಂತದಲ್ಲಿ ಕಿರ್ ಅಂತ ಸದ್ದು ಬಂತು. ಥ್ರೆಡ್ಡಿನ ಅಂಚಿನಿಂದ ಕಂದು ಪುಡಿ ಉದುರಿತು. ಅಲ್ಲಿಂದ ಮುಂದೆ ಬರೀ ತಾಳ್ಮೆಯ ಕೆಲಸ. ಪೂರ್ತಿ ಹೊರಬಂದ ಬುಡದ ಮೇಲೆ ಥ್ರೆಡ್ಡೇ ಕಾಣುತ್ತಿರಲಿಲ್ಲ, ತುಕ್ಕಿನ ಪುಡಿ ಗಟ್ಟಿಯಾಗಿ ತುಂಬಿಕೊಂಡಿತ್ತು.

ತೂತಿನ ದುರಸ್ತಿ

ಉಳಿದ ಸ್ಟಡ್ಡುಗಳನ್ನೂ ಎರಡು ನಟ್ಟು ಒಂದಕ್ಕೊಂದು ಬಿಗಿದು ತೆಗೆದೆವು. ನಡು ತೆಳ್ಳಗಾದ ಹಳೆ ಸ್ಟಡ್ಡು ಮತ್ತೆ ಹಾಕುವುದರಲ್ಲಿ ಅರ್ಥ ಇಲ್ಲ. ಏಳು ತೂತಿಗೆ ಎಂ8, 1.25 ಪಿಚ್ಚಿನ ಟ್ಯಾಪನ್ನು (ತೂತಿನೊಳಗೆ ಥ್ರೆಡ್ ಕೊರೆಯುವ ಸಾಮಾನು) ಕೈಯಲ್ಲೇ ಬಿಟ್ಟು ತುಕ್ಕು ತೆಗೆದೆವು. ಇಲ್ಲಿ ಹೊಸ ಥ್ರೆಡ್ ಕೊರೆಯಬಾರದು, ಇದ್ದದ್ದನ್ನು ಶುಚಿ ಮಾಡಬೇಕು ಅಷ್ಟೇ. ಟ್ಯಾಪ್ ಬಿಗಿಯಾದರೆ ಒತ್ತದೆ ವಾಪಸ್ ತರಬೇಕು. ಒಳಗೆ ಟ್ಯಾಪ್ ಮುರಿದರೆ ಈಜಿ ಔಟಿನ ಕತೆಯೇ ಮತ್ತೆ.

1ನೇ ತೂತಿಗೆ ಬೋಲ್ಟ್ ಹಾಕಿ ನೋಡಿದರೆ ಅಲುಗುತ್ತಿತ್ತು. ತುದಿಯ ಸ್ಟಡ್ಡಿಗೆ ಬೀಳುವ ಎಳೆತ ಜಾಸ್ತಿ, ಹಾಗೇ ಬಿಟ್ಟರೆ ಒಂದೇ ಮಳೆಗಾಲಕ್ಕೆ ಕಿತ್ತು ಬರುತ್ತದೆ. ಥ್ರೆಡ್ ಇನ್ಸರ್ಟ್ (ಕೆಟ್ಟ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ತಂತಿಯ ಸುರುಳಿ) ಹಾಕುವುದು ಅಂತ ಆಯಿತು. ಅದಕ್ಕೆ 8.3 ಮಿ.ಮೀ. ಬಿಟ್ಟಿನಲ್ಲಿ ಕೊರೆಯಬೇಕು. ಆದರೆ ಈಗಾಗಲೇ ಓರೆಯಾದ ತೂತಿಗೆ ಕೈ ಡ್ರಿಲ್ ಹಿಡಿದರೆ ಬಿಟ್ ಅದೇ ಓರೆಗೆ ಜಾರುತ್ತದೆ. ಹಾಗಾಗಿ ಲೇತಿನವರಲ್ಲಿ 12 ಮಿ.ಮೀ. ದಪ್ಪದ ಒಂದು ಪ್ಲೇಟ್ ಮಾಡಿಸಿದೆವು. ಹೊಸ ಗ್ಯಾಸ್ಕೆಟ್ ಇಟ್ಟು ಗುರುತು ಹಾಕಿ 1, 2, 3ರ ಜಾಗಕ್ಕೆ ತೂತು ಕೊರೆಸಿದೆವು. ಪ್ಲೇಟನ್ನು 2 ಮತ್ತು 3ಕ್ಕೆ ಬೋಲ್ಟ್ ಹಾಕಿ ಹೆಡ್ಡಿಗೆ ಬಿಗಿದಾಗ 1ರ ಜಾಗದಲ್ಲಿ ನೆಟ್ಟಗಿನ ಗೈಡ್ ಸಿಕ್ಕಿತು. ಬಿಟ್ಟಿಗೆ ಟೇಪ್ ಸುತ್ತಿ ಆಳದ ಗುರುತು ಹಾಕಿದೆವು. ಹೆಡ್ಡಿನಲ್ಲಿ ಆಚೆ ಬದಿಗೆ ನೀರಿನ ಜಾಕೆಟ್ ಇರುತ್ತದೆ, ತೂತು ಅದಕ್ಕೆ ತೆರೆದುಕೊಂಡರೆ ಇನ್ನೊಂದು ರಾಮಾಯಣ. ಕೊರೆದು, ಇನ್ಸರ್ಟಿನದ್ದೇ ಟ್ಯಾಪ್ ಹಾಕಿ, 16 ಮಿ.ಮೀ. ಉದ್ದದ ಸ್ಟೇನ್‌ಲೆಸ್ ಸುರುಳಿಯನ್ನು ಮಟ್ಟಕ್ಕಿಂತ ಅರ್ಧ ಸುತ್ತು ಕೆಳಗೆ ಕೂರಿಸಿದೆವು. ಸುರುಳಿಯ ತಳದ ಕೊಂಡಿಯನ್ನು ಮುರಿದು ಅಯಸ್ಕಾಂತ, ಗಾಳಿ ಎರಡರಿಂದಲೂ ಹೊರತೆಗೆದೆವು.

ಕೂರಿಸುವುದು

ಮ್ಯಾನಿಫೋಲ್ಡಿನ ಮುಖಕ್ಕೆ ಉಕ್ಕಿನ ಪಟ್ಟಿ ಇಟ್ಟು ಸಂದು ಅಳೆಯುವ ಫೀಲರ್ ಗೇಜ್ ತೂರಿಸಿ ನೋಡಿದಾಗ ತುದಿಗಳು ಬಾಗಿದ್ದು ಗೊತ್ತಾಯಿತು. ಸರ್ಫೇಸ್ ಗ್ರೈಂಡಿಂಗ್ ಮಾಡಿಸಿದೆವು. ಇದನ್ನು ಬಿಟ್ಟಿದ್ದರೆ ಉಳಿದದ್ದೆಲ್ಲ ದಂಡ. ಬಾಗಿದ ಮ್ಯಾನಿಫೋಲ್ಡನ್ನು ಬಿಗಿದು ನೆಟ್ಟಗೆ ಮಾಡಲು ಹೋದರೆ ಆ ಎಳೆತ ಎಲ್ಲ ತುದಿಯ ಸ್ಟಡ್ಡಿಗೇ ಹೋಗುತ್ತದೆ. ತುದಿಯ ತೂತುಗಳು ಸ್ಟಡ್ಡಿಗಿಂತ ಸಾಕಷ್ಟು ಅಗಲ ಇವೆಯಾ ಅಂತಲೂ ನೋಡಿದೆವು. ಅವುಗಳಲ್ಲಿ ಗಟ್ಟಿಯಾಗಿ ಕೂತಿದ್ದ ಮಸಿ ಮತ್ತು ತುಕ್ಕನ್ನು ಕೆರೆದು ತೆಗೆದ ಮೇಲೆ ಮ್ಯಾನಿಫೋಲ್ಡಿಗೆ ಜಾರಲು ಜಾಗ ಸಿಕ್ಕಿತು.

ಹೊಸ ಸ್ಟಡ್ಡು, ಹೊಸ ಗ್ಯಾಸ್ಕೆಟ್, ಬಿಸಿ ತಡೆಯುವ ಹೊಸ ಲಾಕ್ ನಟ್ಟು. ಥ್ರೆಡ್ಡುಗಳಿಗೆ ನಿಕ್ಕಲ್ ಇರುವ ಆಂಟಿ-ಸೀಜ್ (ಕಚ್ಚದಂತೆ ಹಚ್ಚುವ ಪೇಸ್ಟ್) ತೆಳ್ಳಗೆ ಸವರಿದೆವು. ಸಾದಾ ಗ್ರೀಸ್ ಇಲ್ಲಿ ಸುಟ್ಟು ಕರಕಾಗಿ ಇನ್ನಷ್ಟು ಕಚ್ಚುತ್ತದೆ. ಆಂಟಿ-ಸೀಜ್ ಹಚ್ಚಿದ ಥ್ರೆಡ್ ಜಾರುತ್ತದೆ, ಅದೇ ಟಾರ್ಕಿಗೆ (ತಿರುಗಿಸಿ ಬಿಗಿಯುವ ಬಲ) ಸ್ಟಡ್ಡು ಹೆಚ್ಚು ಎಳೆಯಲ್ಪಡುತ್ತದೆ. ಎಂ8ಗೆ ಇಂಥ ಜಾಗದಲ್ಲಿ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಇರುತ್ತದೆ. ನಾವು ಕೈಪಿಡಿಯ ಅಂಕಿಯ ಕೆಳಗಿನ ತುದಿಗೇ ನಿಂತೆವು. ನಡುವಿನಿಂದ ಶುರು ಮಾಡಿ ತುದಿಗಳ ಕಡೆಗೆ, ಎರಡು ಸುತ್ತಿನಲ್ಲಿ.

ಸ್ಟಾರ್ಟ್ ಮಾಡಿದಾಗ ತಣ್ಣಗಿನ ಎಂಜಿನ್ನಿನಲ್ಲೂ ಸದ್ದು ಇರಲಿಲ್ಲ. ಗ್ಯಾಸ್ಕೆಟ್ ಸುತ್ತ ಸೋಪಿನ ನೀರು ಹಾಕಿ ನೋಡಿದರೆ ಗುಳ್ಳೆ ಬರಲಿಲ್ಲ. ಏರು ದಾರಿಯಲ್ಲಿ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಟಾರ್ಕ್ ಮತ್ತೊಮ್ಮೆ ನೋಡಿ, ಹೀಟ್ ಶೀಲ್ಡ್ ಹಾಕಿ ಗಾಡಿ ಕೊಟ್ಟೆವು. ಬೋಟು ಹೊರಡುವ ಮೊದಲೇ ಗಾಡಿ ಬಂದರಿಗೆ ಹೋಯಿತು.

ಮಾಲೀಕರಿಗೆ ಎರಡು ಕೆಲಸ ಹೇಳಿದ್ದೆ. ದಿನದ ಓಡಾಟ ಮುಗಿಸಿ ಎಂಜಿನ್ ಆರಿದ ಮೇಲೆ ಕೆಳಗಿನಿಂದ ಸಿಹಿನೀರು ಹೊಡೆಯುವುದು. ಬಿಸಿ ಇರುವಾಗ ಖಂಡಿತ ಬೇಡ, ಬೀಡು ಸೀಳುತ್ತದೆ. ಇನ್ನೊಂದು, ರಜೆಯ ಎರಡು ತಿಂಗಳು ಗಾಡಿಯನ್ನು ಹೊರಗೆ ನಿಲ್ಲಿಸಿ ಮರೆಯಬಾರದು. ಮುಂದಿನ ವರ್ಷದ ಮಳೆಗಾಲದಲ್ಲಿ ಟರ್ಬೊ ಎಣ್ಣೆ ಪೈಪಿನ ಸೋರಿಕೆಗೆ ಅಂತ ಅದೇ ಪಿಕಪ್ ಮತ್ತೆ ಬಂತು. ಹೀಟ್ ಶೀಲ್ಡ್ ತೆಗೆದಾಗ ಹೆಡ್ಡಿನ ಮೇಲೆ ಮಸಿಯ ಗೆರೆ ಇರಲಿಲ್ಲ. 1ರ ನಟ್ಟಿಗೆ ಟಾರ್ಕ್ ರೆಂಚ್ ಹಾಕಿ ನೋಡಿದೆ, ಬಿಗಿ ಹಾಗೇ ಇತ್ತು. 8ರ ನಟ್ಟು ಮಾತ್ರ ಸ್ವಲ್ಪ ಸಡಿಲಾಗಿತ್ತು, ಅದನ್ನು ಕೈಪಿಡಿಯ ಅಂಕಿಗೆ ತಂದೆ. ಈಗ ಅವರ ಇನ್ನೆರಡು ಗಾಡಿಗಳಿಗೂ ತುದಿಯ ನಟ್ಟುಗಳ ಬಿಗಿಯನ್ನು ಪ್ರತಿ ಜೂನಿನಲ್ಲಿ ನೋಡಿಸುತ್ತಾರೆ.